ಹೊಸ .32 ರಿವಾಲ್ವರ್: ಗ್ರಿಪ್, ಟ್ರಿಗರ್, ಕ್ರೋಮ್ ಕೆಲಸ ಮನೆಯಲ್ಲೇ ಮಾಡಿಕೊಂಡರೆ ವಾರಂಟಿ ಉಳಿಯುತ್ತದಾ? (ಬಳ್ಳಾರಿ)

ಸಿರುಗುಪ್ಪ_ಗದ್ದೆ

ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಮೇಲೆ ತಗೊಂಡಿರೋ ಹೊಸ .32 ರಿವಾಲ್ವರ್, ಸರ್ಕಾರಿ ಕಾರ್ಖಾನೆಯದು, ಮಧ್ಯಕ್ಕೆ ಮಡಚಿ ತೆರೆಯೋ ಟಾಪ್-ಬ್ರೇಕ್ ಮಾದರಿ, ಆರು ಗುಂಡಿನದು. ವಾರಂಟಿ ಇನ್ನೂ ಇದೆ. ನಾಲ್ಕು ಕೆಲಸ ಮಾಡಿಸಬೇಕು ಅಂತ ಇದೆ.

ಒಂದು, ಮರದ ಗ್ರಿಪ್ ಬೇಸಿಗೆ ಬೆವರಿಗೆ ಜಾರುತ್ತೆ, ರಬ್ಬರಿನದು ಹಾಕಬೇಕು. ಎರಡು, ಡಬಲ್ ಆಕ್ಷನ್‌ನಲ್ಲಿ (ಹಿಂದಿನ ಸುತ್ತಿಗೆಯಂಥ ಹ್ಯಾಮರನ್ನು ಬೆರಳಲ್ಲಿ ಎತ್ತದೆ, ಟ್ರಿಗರ್ ಒಂದನ್ನೇ ಎಳೆದು ಹೊಡೆಯೋದು) ಟ್ರಿಗರ್ ಸಿಕ್ಕಾಪಟ್ಟೆ ಗಟ್ಟಿ. ಸ್ಪ್ರಿಂಗ್ ಸ್ವಲ್ಪ ಉಜ್ಜಿದರೆ ಹಗುರಾಗುತ್ತೆ ಅಂತ ಒಂದು ವಿಡಿಯೋದಲ್ಲಿ ತೋರಿಸಿದಾರೆ. ಮೂರು, ಊರಲ್ಲಿ ಬುಲೆಟ್ ಗಾಡಿ ಸೈಲೆನ್ಸರ್‌ಗೆ ಕ್ರೋಮ್ ಮಾಡೋರ ಹತ್ತಿರ ಇದಕ್ಕೂ ಕ್ರೋಮ್ ಮಾಡಿಸಬಹುದಾ? ನಾಲ್ಕು, ಮುಂದಿನ ಸೈಟ್ ಕಪ್ಪಗಿದೆ, ಸಂಜೆ ಹೊತ್ತು ಕಣ್ಣಿಗೆ ಸಿಗಲ್ಲ.

ಬೇರೆ ಪಾರ್ಟ್ ಹಾಕಿದರೂ ಕಂಪನಿ ವಾರಂಟಿ ರದ್ದು ಮಾಡೋ ಹಾಗಿಲ್ಲ, ಅದಕ್ಕೆ ಕಾನೂನೇ ಇದೆ ಅಂತಲೂ ಅದೇ ವಿಡಿಯೋದಲ್ಲಿತ್ತು. ಇದು ನಿಜವಾ? ಗೊತ್ತಿರೋರು ಹೇಳಿ.

ರಾಯಚೂರು_ಕೋರ್ಟ್‌ರೋಡ್

ಅಣ್ಣಾರ, ಆ ಕಾನೂನು ಸುಳ್ಳಲ್ಲ, ಆದ್ರ ಅಮೆರಿಕಾದ್ದು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಅಂತ ಅದ. ನಮ್ಮದೇ ಪಾರ್ಟ್ ಹಾಕಿದ್ರ ಮಾತ್ರ ವಾರಂಟಿ ಅಂತ ಕಂಪನಿಯವರು ಗಿರಾಕಿಗೆ ಷರತ್ತು ಹಾಕಂಗಿಲ್ಲ ಅನ್ನೋದು ಅದರ ತಿರುಳು. ಅಲ್ಲಿ ಸುದಾ ಸ್ಪ್ರಿಂಗ್ ಉಜ್ಜಿ, ಅದರಿಂದನ ಗುಂಡು ಹಾರವಲ್ದು ಅಂದ್ರ ಯಾರೂ ಪುಕ್ಕಟೆ ಮಾಡಿಕೊಡಂಗಿಲ್ಲ. ಸಿರುಗುಪ್ಪದಾಗ ಕುಂತು ಆ ಕಾಯ್ದೆ ಹೆಸರು ಹೇಳಿದ್ರ ಡೀಲರು ನಕ್ಕು ಸುಮ್ಮನಾಗ್ತಾನ.

ನಮ್ಮಲ್ಲಿ ನೋಡಬೇಕಾದ್ದು ಎರಡು: ನಿಮ್ಮ ವಾರಂಟಿ ಕಾರ್ಡಿನಾಗ ಬರದ ಷರತ್ತು, ಮತ್ತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮಾಲಿನಾಗ ಹುಟ್ಟು ದೋಷ ಇದ್ರ ಬಳ್ಳಾರಿ ಜಿಲ್ಲಾ ಗ್ರಾಹಕ ಆಯೋಗಕ್ಕ ಹೋಗಬಹುದು, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗ. ಆಯೋಗ ಬೇಕಂದ್ರ ಮಾಲನ್ನ ಲ್ಯಾಬಿಗೆ ಕಳಿಸಿ ತಪಾಸಣೆ ಮಾಡಿಸ್ತದ. ಅಲ್ಲೇ ನಿಮ್ಮ ಉಜ್ಜಿದ ಗುರುತು ಹೊರಗ ಬರೋದು. ಅದೇ ಕಾಯ್ದೆ ಕಲಂ 87 ಓದ್ರಿ: ಹಾನಿ ಆದ ಹೊತ್ತಿನಾಗ ವಸ್ತುವನ್ನ ತಿದ್ದಿದ್ರ, ಬದಲಿಸಿದ್ರ, ತಪ್ಪಾಗಿ ಬಳಸಿದ್ರ ಮಾರಿದವನ ಮ್ಯಾಲ ಉತ್ಪನ್ನ ಹೊಣೆಗಾರಿಕೆ ದಾವೆ ನಿಲ್ಲಂಗಿಲ್ಲ.

ಇಷ್ಟೆಲ್ಲ ಆದ ಮ್ಯಾಲ, ವಾರಂಟಿ ಇಲ್ಲಿ ಸಣ್ಣ ಮಾತು. ಫ್ರಿಜ್ಜು, ಮೋಟಾರು ಬಿಚ್ಚಿದ್ರ ವಾರಂಟಿ ಹೋಗ್ತದ, ಮುಗೀತು. ಇದು ಹಂಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಕಲಂ 5ರಾಗ ತಯಾರಿ, ಮಾರಾಟ ಅಷ್ಟೇ ಅಲ್ಲ, ಬಂದೂಕನ್ನ ರಿಪೇರಿ ಮಾಡೋದು, ಪರಿವರ್ತನೆ ಮಾಡೋದು, ಪರೀಕ್ಷೆ ಮಾಡೋದಕ್ಕೂ ಬ್ಯಾರೆ ಲೈಸೆನ್ಸ್ ಬೇಕು ಅಂತದ. ನಿಮ್ಮ ಕೈಯಾಗಿರೋದು ಇಟ್ಟುಕೊಳ್ಳೋ ಲೈಸೆನ್ಸ್, ರಿಪೇರಿ ಲೈಸೆನ್ಸ್ ಅಲ್ಲ. ನಳಿಗೆ ಮೊಟಕು ಮಾಡೋದು ಕಲಂ 6. ಎರಡಕ್ಕೂ ಶಿಕ್ಷೆ ಕಲಂ 25(1); 2019ರ ತಿದ್ದುಪಡಿ ಆದ ಮ್ಯಾಲ ಕನಿಷ್ಠ ಏಳು ವರ್ಷ, ಜೀವಾವಧಿ ತನಕ ಹೋಗಬಹುದು. ನಂಬರ್ ಅಳಿಸೋದು, ಉಜ್ಜೋದು ಕಲಂ 8ಕ್ಕ ಬರ್ತದ. ಸದ್ದು ಕಡಿಮೆ ಮಾಡೋ ಸಾಮಾನು ಕಾಯ್ದೆ ಪ್ರಕಾರ ಸ್ವತಃ ಬಂದೂಕಿನ ಲೆಕ್ಕಕ್ಕ, ಅದರ ಮಾತೂ ತೆಗೀಬ್ಯಾಡ್ರಿ. ಲೈಸೆನ್ಸ್ ಅಮಾನತು, ರದ್ದು ಮಾಡೋ ಅಧಿಕಾರ ಕಲಂ 17ರ ಕೆಳಗ ಡಿ.ಸಿ. ಸಾಹೇಬರಿಗದ.

ಒರೆಸೋದು, ಎಣ್ಣಿ ಹಾಕೋದು ರಿಪೇರಿ ಅಲ್ಲ, ಅದಕ್ಕ ಯಾರೂ ಕೇಳಂಗಿಲ್ಲ. ಒಳಗಿನ ಯಂತ್ರಕ್ಕ ಕೈ ಹಾಕಿದ್ರ ಮಾತು ಬ್ಯಾರೆ. ನಿಮ್ಮ ಎರಡನೇ, ಮೂರನೇ ಕೆಲಸ ಇವತ್ತೇ ಮರೀರಿ.

ಗಂಗಾವತಿ_ಲೇತ್

ಕಾನೂನು ಮೇಲಿನವರು ಹೇಳಿದ್ದಾರೆ. ಸ್ಪ್ರಿಂಗ್ ಉಜ್ಜಿದರೆ ಒಳಗೆ ಏನಾಗುತ್ತೆ ಅಂತ ನಾನು ಹೇಳ್ತೀನಿ, ಯಾಕಂದ್ರೆ ಆ ವಿಡಿಯೋಗಳಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತೆ.

ಆ ವಿಡಿಯೋ ಬಹುಶಃ ಕಾಯಿಲ್ ಸ್ಪ್ರಿಂಗ್ ಇರೋ ಅಮೆರಿಕನ್ ರಿವಾಲ್ವರಿನದು. ನಿಮ್ಮದರಂಥ, ಬ್ರಿಟನ್ನಿನ ವೆಬ್ಲಿ ಕಂಪನಿ ಮನೆತನದ ಟಾಪ್-ಬ್ರೇಕ್‌ಗಳಲ್ಲಿ ಮೇನ್ ಸ್ಪ್ರಿಂಗ್ ಅಂದ್ರೆ ವಿ ಆಕಾರದ ಪಟ್ಟಿ. ಮೇಲಿನ ತೋಳು ಹ್ಯಾಮರನ್ನು ಮುಂದಕ್ಕೆ ಹೊಡೆಯುತ್ತೆ, ಕೆಳಗಿನ ತೋಳು ಟ್ರಿಗರನ್ನು ವಾಪಸ್ ತರುತ್ತೆ. ಒಂದೇ ಪಟ್ಟಿ, ಎರಡು ಕೆಲಸ. ಒಂದು ಕಡೆ ತೆಳ್ಳಗೆ ಮಾಡಿದರೆ ಎರಡರ ಲೆಕ್ಕವೂ ತಪ್ಪುತ್ತೆ: ಹೊಡೆತ ಸಾಲದೆ ಪ್ರೈಮರ್ (ಗುಂಡಿನ ತಳದಲ್ಲಿ ಮೊದಲು ಹೊತ್ತೋ ಮದ್ದು) ಸಿಡಿಯಲ್ಲ, ಟ್ರಿಗರ್ ಪೂರ್ತಿ ವಾಪಸ್ ಬರದೆ ಅರ್ಧಕ್ಕೆ ನಿಲ್ಲುತ್ತೆ. ಇನ್ನು ಗ್ರೈಂಡರ್ ಹಿಡಿದರೆ ಪಟ್ಟಿಯ ಅಂಚು ನೀಲಿ ಬಣ್ಣಕ್ಕೆ ತಿರುಗುತ್ತೆ. ಸಾದಾ ಕಾರ್ಬನ್ ಸ್ಟೀಲ್‌ನಲ್ಲಿ ಆ ನೀಲಿ ಅಂದ್ರೆ ಸುಮಾರು 300 ಡಿಗ್ರಿ ಬಿಸಿ ತಗುಲಿದೆ ಅಂತ ಅರ್ಥ. ಕಾರ್ಖಾನೆಯವರು ಹದ ಮಾಡುವಾಗ ಕೊಟ್ಟ ಬಿಸಿಗಿಂತ (ಟೆಂಪರ್) ಹೆಚ್ಚು ಬಿಸಿಯಾಗಿದ್ದರೆ ಆ ಜಾಗ ಮೆತ್ತಗಾಯ್ತು. ಅರದಿಂದ ಉಜ್ಜಿದರೂ ಅಡ್ಡ ಗೀರು ಬೀಳುತ್ತೆ, ಬಿರುಕು ಶುರುವಾಗೋದು ಆ ಗೀರಿನಿಂದಲೇ.

ಗುಂಡು ಹಾರದಿದ್ದರೆ ಇನ್ನೊಂದು ಅಪಾಯ. ಕೆಲವು ಗುಂಡು ತಡವಾಗಿ ಸಿಡಿಯುತ್ತವೆ, ಹ್ಯಾಂಗ್‌ಫೈರ್ ಅಂತಾರೆ. ಪಿಸ್ತೂಲಿನಲ್ಲಾದರೆ ಗುಂಡು ನಳಿಗೆಯ ನೇರಕ್ಕೇ ಇರುತ್ತೆ. ರಿವಾಲ್ವರಿನಲ್ಲಿ ಗಾಬರಿಯಿಂದ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ಮುಂದಿನ ಮನೆಗೆ (ಗುಂಡು ಕೂರೋ ತೂತಿಗೆ) ತಿರುಗಿಬಿಡುತ್ತೆ. ಆಗ ತಡವಾದ ಗುಂಡು ಸಿಡಿದರೆ ಅದರ ಮುಂದೆ ನಳಿಗೆ ಇರಲ್ಲ, ಫ್ರೇಮ್ ಇರುತ್ತೆ. ಅದಕ್ಕೇ ಹಾರದಿದ್ದಾಗ ಗುರಿ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ಆಮೇಲೆ ತೆರೆಯಬೇಕು. ಸ್ಪ್ರಿಂಗ್ ಉಜ್ಜಿದ ರಿವಾಲ್ವರ್ ಈ ಸಂದರ್ಭವನ್ನು ಪದೇ ಪದೇ ತಂದಿಡುತ್ತೆ.

ಸಿಯರ್ ಪಾಲಿಶ್ ಅಂತ ಇನ್ನೊಂದು ಚಟ ಇದೆ. ಹ್ಯಾಮರಿನ ಗಾಟು ಮತ್ತು ಅದನ್ನು ಹಿಡಿಯೋ ಮೂತಿ (ಇದೇ ಸಿಯರ್) ಎಷ್ಟೋ ಮಾದರಿಗಳಲ್ಲಿ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆತ್ತನೆ ಉಕ್ಕು. ಕಲ್ಲಿನಿಂದ ಆ ಪದರ ಕಿತ್ತ ದಿನ ಟ್ರಿಗರ್ ಬೆಣ್ಣೆ ಹಾಗಿರುತ್ತೆ. ದಿನ ಹೋದ ಹಾಗೆ ಸವೆದು ಗಾಟು ದುಂಡಗಾಗಿ, ಎತ್ತಿಟ್ಟ ಹ್ಯಾಮರ್ ತಟ್ಟಿದರೆ ಜಾರುತ್ತೆ.

ಟ್ರಿಗರ್ ಗಟ್ಟಿ ಅನ್ನೋದು ದೋಷವಲ್ಲ. ಡಬಲ್ ಆಕ್ಷನ್ ರಿವಾಲ್ವರಿನಲ್ಲಿ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಕೆ.ಜಿ. ಎಳೆತ ಇರುತ್ತೆ, ಪ್ರತ್ಯೇಕ ಸೇಫ್ಟಿ ಇಲ್ಲದ ರಿವಾಲ್ವರಿಗೆ ಆ ಭಾರವೇ ಕಾವಲು. ರೇಂಜ್‌ನಲ್ಲಿ ನಿಧಾನಕ್ಕೆ ಗುರಿ ಹಿಡಿಯೋವಾಗ ಹ್ಯಾಮರ್ ಎತ್ತಿ ಸಿಂಗಲ್ ಆಕ್ಷನ್‌ನಲ್ಲಿ ಹೊಡೀರಿ, ಅರ್ಧಕ್ಕಿಂತ ಕಡಿಮೆ ಎಳೆತ ಸಾಕು. ಬೆರಳಿಗೆ ಬಲ ಬರಬೇಕು ಅಂದ್ರೆ ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ನಕಲಿ ಗುಂಡು) ಹಾಕಿ ಖಾಲಿ ಟ್ರಿಗರ್ ಎಳೆದು ಅಭ್ಯಾಸ ಮಾಡಿ. ಅಸಲಿ ಗುಂಡು ಬೇರೆ ಕೋಣೆಯಲ್ಲಿರಲಿ. ಹಾರಿದ ಖಾಲಿ ಕೇಸ್ ಹಾಕಿದರೆ ಸ್ನ್ಯಾಪ್ ಕ್ಯಾಪಿನ ಕೆಲಸ ಆಗಲ್ಲ, ಅದರ ಪ್ರೈಮರ್ ಮೊದಲೇ ತಗ್ಗಾಗಿರುತ್ತೆ, ಪ್ರೈಮರಿಗೆ ಹೊಡೆಯೋ ಪಿನ್ನು ಗಾಳಿಗೇ ಬಡಿಯುತ್ತೆ. ಎಳೆತದ ನಡುವೆ ಕರಕರ ಅಂತ ತಡೆದರೆ ಮಾತ್ರ ಅದು ಡೀಲರಿಗೆ ತೋರಿಸೋ ವಿಷಯ.

ಸಂಡೂರು_ಕೆಂಪುಧೂಳು

ಕ್ರೋಮ್ ಬಗ್ಗೆ. ಬೈಕಿನ ಪ್ಲೇಟಿಂಗ್ ಅಂಗಡಿಗೆ ಒಂದು ರಾತ್ರಿ ಬಿಟ್ಟು ಬಂದರೂ ಲೈಸೆನ್ಸ್ ಇಲ್ಲದವನ ವಶಕ್ಕೆ ಆಯುಧ ಕೊಟ್ಟ ಹಾಗಾಯ್ತು. ಅವನಿಗೂ ಕೇಸು, ನಿಮಗೂ ಕೇಸು. ಅದನ್ನು ಪಕ್ಕಕ್ಕಿಟ್ಟು ಬರೀ ಲೋಹದ ದೃಷ್ಟಿಯಿಂದ ನೋಡಿದರೂ ಅದು ಕೆಟ್ಟ ಕೆಲಸವೇ. ಅಂಗಡಿಯಲ್ಲಿ ಮೊದಲು ಬಫ್ ಹಿಡಿದು ಉಜ್ಜುತ್ತಾರೆ. ಅಂಚುಗಳೆಲ್ಲ ದುಂಡಗಾಗಿ ನಂಬರ್, ಪ್ರೂಫ್ ಮುದ್ರೆ (ಪರೀಕ್ಷೆ ಆದದ್ದರ ಗುರುತು) ಮಸುಕಾಗುತ್ತವೆ. ನಂಬರ್ ಅರ್ಧ ಓದಲು ಬಂದರೆ ಏನು ಗತಿ ಅಂತ ಮೇಲೆ ರಾಯಚೂರಿನವರು ಹೇಳಿಯಾಗಿದೆ. ಆಮೇಲೆ ಆಸಿಡ್ಡಿನಲ್ಲಿ ಅದ್ದುತ್ತಾರೆ. ಆಸಿಡ್ಡು ಮತ್ತು ಪ್ಲೇಟಿಂಗ್ ಎರಡರಲ್ಲೂ ಉಕ್ಕಿನೊಳಕ್ಕೆ ಹೈಡ್ರೋಜನ್ ಸೇರುತ್ತೆ, ಗಟ್ಟಿ ಉಕ್ಕು ಇದರಿಂದ ಗಾಜಿನ ಹಾಗೆ ಮುರಿಯುವ ಗುಣ ಪಡೆಯುತ್ತೆ. ತಿಳಿದವರು ಕೆಲವೇ ತಾಸಿನೊಳಗೆ 190 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಅದನ್ನು ಹೊರಗೆ ಕಳಿಸುತ್ತಾರೆ. ಸೈಲೆನ್ಸರಿಗೆ ಅದು ಬೇಕಿಲ್ಲ, ಹಾಗಾಗಿ ಅವರು ಮಾಡೋದೂ ಇಲ್ಲ.

ಮೂರನೆಯದು ಸಂದು. ಸಿಲಿಂಡರ್ ಮುಖಕ್ಕೂ ನಳಿಗೆಯ ಹಿಂಭಾಗಕ್ಕೂ ನಡುವೆ ಇರೋದು 0.1ರಿಂದ 0.2 ಮಿ.ಮೀ. ಅಷ್ಟೇ. ತಾಮ್ರ, ನಿಕ್ಕಲ್, ಕ್ರೋಮ್ ಮೂರು ಪದರ ಎರಡೂ ಮುಖಕ್ಕೆ ಬಿದ್ದರೆ ಸಂದು ಕಿರಿದಾಗುತ್ತೆ, ನಾಲ್ಕು ಗುಂಡು ಹೊಡೆದು ಮಸಿ ಕೂತ ಮೇಲೆ ಸಿಲಿಂಡರ್ ಉಜ್ಜಿ ನಿಲ್ಲುತ್ತೆ. ಸರ್ಕಾರಿ ಕಾರ್ಖಾನೆಯದೇ ನಿರ್ಭೀಕ್ ರಿವಾಲ್ವರ್ ಥರ ಟೈಟಾನಿಯಂ ಮಿಶ್ರಲೋಹದ ಫ್ರೇಮ್ ಆದರಂತೂ ಊರಿನ ಅಂಗಡಿಯ ಕ್ರೋಮ್ ಹಿಡಿಯೋದೇ ಇಲ್ಲ, ಸಿಪ್ಪೆ ಏಳುತ್ತೆ. ಅಲ್ಯೂಮಿನಿಯಂ ಫ್ರೇಮನ್ನು ಬಿಸಿ ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ-ಕಪ್ಪು ಬಣ್ಣ ಕೊಡೋ) ತೊಟ್ಟಿಗೆ ಹಾಕಿದರೆ ಕಾಸ್ಟಿಕ್ಕಿಗೆ ಕರಗಲು ಶುರುವಾಗುತ್ತೆ.

ಹೊಳಪಿಗಿಂತ ನಮ್ಮ ಭಾಗದಲ್ಲಿ ನೋಡಿಕೊಳ್ಳಬೇಕಾದ್ದು ಧೂಳು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಹೆಮಟೈಟ್ ಅದಿರು. ಅದರ ನುಣುಪಾದ ಪುಡಿಯನ್ನೇ ಲೋಹಕ್ಕೆ ಪಾಲಿಶ್ ಹಾಕಲು ಬಳಸುತ್ತಾರೆ. ಎಣ್ಣೆ ಜಾಸ್ತಿ ಹಾಕಿದ ಒಳಯಂತ್ರಕ್ಕೆ ಈ ಧೂಳು ಕೂತರೆ ಟ್ರಿಗರ್ ಎಳೆದಾಗಲೆಲ್ಲ ಒಳಗೆ ತೇಯ್ತಾ ಇರುತ್ತೆ. ಶಕ್ತಿನಗರದ ಕಡೆಯವರಿಗೆ ವಿದ್ಯುತ್ ಸ್ಥಾವರದ ಹಾರುಬೂದಿಯದ್ದೂ ಇದೇ ಕಥೆ. ಆದ್ದರಿಂದ ಎಣ್ಣೆ ಹನಿ ಲೆಕ್ಕದಲ್ಲಿ: ಹ್ಯಾಮರ್ ಪಕ್ಕ ಒಂದು, ಸಿಲಿಂಡರ್ ಅಚ್ಚಿಗೆ ಒಂದು, ಮಡಚುವ ಕೀಲಿಗೆ ಒಂದು. ಹೊರಮೈಗೆ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಲಿಗೆ ಯಂತ್ರದ ಎಣ್ಣೆ ಆಗುತ್ತೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಹಳಬರ ಮನೆಗಳಲ್ಲಿ ಈಗಲೂ ಹಾಕ್ತಾರೆ, ಆದರೆ ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ. ಡಿಸೆಂಬರ್ ರಾತ್ರಿ ಬಳ್ಳಾರಿಯಲ್ಲೂ ಅಷ್ಟು ತಣ್ಣಗಾಗುತ್ತೆ, ಹ್ಯಾಮರ್ ನಿಧಾನ ಬೀಳುತ್ತೆ. ಕಾಲ ಕಳೆದಂತೆ ಅಂಟಾಗಿ ಕೂಡ ಕೂರುತ್ತೆ. ನಿಕ್ಕಲ್ ಪ್ಲೇಟಿಂಗ್ ಇರೋ ಆಯುಧಕ್ಕೆ ಅಮೋನಿಯಾ ಇರೋ ತಾಮ್ರ-ಸಾಲ್ವೆಂಟ್ ತಗುಲಿಸಬೇಡಿ, ಪದರದ ಕೆಳಗೆ ಹೋಗಿ ಎಬ್ಬಿಸುತ್ತೆ.

ಕಂಪ್ಲಿ_ದಂಡೆ

ಎಲ್ಲರೂ ಬೇಡ ಬೇಡ ಅಂದುಬಿಟ್ಟರೆ ಅಣ್ಣ ಏನು ಮಾಡಬೇಕು? ಒಂದನೇ ಮತ್ತು ನಾಲ್ಕನೇ ಕೆಲಸಕ್ಕೆ ದಾರಿ ಇದೆ. ಎರಡೂ ವಾಪಸ್ ತೆಗೆಯಬಹುದಾದ ಕೆಲಸ, ಒಳಗಿನ ಯಂತ್ರ ಮುಟ್ಟಲ್ಲ. ಆದರೂ ಡೀಲರಿಗೆ ಒಂದು ಮಾತು ಕೇಳಿ, ಆಗಬಹುದು ಅಂದರೆ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಗ್ರಿಪ್: ತೆರೆದು ಆರೂ ಮನೆ ಖಾಲಿ ಇರೋದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಗ್ರಿಪ್ ಸ್ಕ್ರೂ ಸೀಳು ತೆಳ್ಳಗೆ, ಗೋಡೆ ನೆಟ್ಟಗೆ ಇರುತ್ತೆ. ಮನೆಯ ಸ್ಕ್ರೂಡ್ರೈವರ್ ಮೂತಿ ಬೆಣೆ ಆಕಾರ, ಮೇಲಿನ ಅಂಚನ್ನು ಮಾತ್ರ ಹಿಡಿದು ಜಾರಿ ಸೀಳನ್ನು ತಿಂದುಹಾಕುತ್ತೆ. ವಾರಂಟಿ ನೋಡುವವನ ಕಣ್ಣು ಮೊದಲು ಬೀಳೋದೇ ಆ ತಿಂದ ಸೀಳಿನ ಮೇಲೆ. ಇದನ್ನು ಬಿಚ್ಚಿದಾರೆ ಅಂತ ಅಲ್ಲೇ ತೀರ್ಮಾನ. ಸಮಾನಾಂತರ ಮೂತಿಯ ಬಿಟ್, ಸೀಳಿನ ಪೂರ್ತಿ ಅಗಲ ತುಂಬುವಂಥದ್ದು ತನ್ನಿ. ಸ್ಕ್ರೂ ಪೂರ್ತಿ ತೆಗೆದು ಗ್ರಿಪ್ಪನ್ನು ಮೀಟಿ ಎಬ್ಬಿಸಬೇಡಿ, ಮರ ಅಂಚಿನಲ್ಲಿ ಸೀಳುತ್ತೆ. ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಅದರ ತಲೆಯನ್ನು ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಆ ಕಡೆಯ ಗ್ರಿಪ್ ತುಂಡು ತಾನೇ ಏಳುತ್ತೆ. ಫ್ರೇಮಿನ ಕೆಳಗಡೆ ಸಣ್ಣ ಪಿನ್ ಇದ್ದರೆ ಹೊಸ ಗ್ರಿಪ್ಪಿನ ತೂತು ಅದಕ್ಕೆ ಸರಿಯಾಗಿ ಕೂರಬೇಕು. ಕೂರದಿದ್ದರೆ ತೂತು ದೊಡ್ಡದು ಮಾಡೋದು ಗ್ರಿಪ್ಪಿನಲ್ಲಿ, ಪಿನ್ ಅರ ಹಿಡಿಯಬೇಡಿ. ಸ್ಕ್ರೂ ಕೈಬಿಗಿ ಸಾಕು. ಹಳೇ ಗ್ರಿಪ್, ಹಳೇ ಸ್ಕ್ರೂ ಒಂದು ಕವರಿನಲ್ಲಿ ಹಾಕಿ ಬಿಲ್ಲಿನ ಜೊತೆ ಇಡಿ. ವಾರಂಟಿಗೆ ಹೋಗೋ ದಿನ ಅದನ್ನೇ ಹಾಕಿಕೊಂಡು ಹೋಗಬೇಕು. ಸಿದ್ಧ ರಬ್ಬರ್ ಗ್ರಿಪ್ ಈ ಮಾದರಿಗಳಿಗೆ ಎಲ್ಲೆಡೆ ಸಿಗಲ್ಲ. ಸಿಗದಿದ್ದರೆ ಕ್ರಿಕೆಟ್ ಬ್ಯಾಟಿನ ರಬ್ಬರ್ ತೋಳು ಕತ್ತರಿಸಿ ಮರದ ಗ್ರಿಪ್ ಮೇಲೇ ಏರಿಸಬಹುದು. ಟ್ರಿಗರ್ ಗಾರ್ಡ್ ಹಿಂಭಾಗ ಮತ್ತು ಹ್ಯಾಮರ್ ಕೆಳಗಿನ ಜಾಗ ಬಿಟ್ಟು ಕತ್ತರಿಸಿ.

ಸೈಟ್: ಮುಂದಿನ ಸೈಟನ್ನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಅಸಿಟೋನ್‌ನಲ್ಲಿ ಒರೆಸಿ, ಎಣ್ಣೆ ಪೂರ್ತಿ ಹೋಗಬೇಕು. ಮೊದಲು ಬಿಳಿ ಉಗುರುಬಣ್ಣ ಒಂದು ಪದರ, ಒಣಗಿದ ಮೇಲೆ ಕಿತ್ತಳೆ ಅಥವಾ ಕಡುಗೆಂಪು ಎರಡು ತೆಳು ಪದರ. ಬಿಳಿ ಅಡಿಪದರ ಇಲ್ಲದಿದ್ದರೆ ಕಪ್ಪಿನ ಮೇಲೆ ಕೆಂಪು ಸಂಜೆಗೆ ಕಪ್ಪಗೇ ಕಾಣುತ್ತೆ. ಬೇಡವಾದಾಗ ಅದೇ ಅಸಿಟೋನ್‌ನಲ್ಲಿ ಹೋಗುತ್ತೆ, ಮರದ ವಾರ್ನಿಶ್ಶಿಗೆ ಮಾತ್ರ ತಾಗದಿರಲಿ. ಗುಂಡು ಕೆಳಗೆ ಬೀಳುತ್ತೆ ಅಂತ ಮುಂದಿನ ಸೈಟ್ ಉಜ್ಜೋ ಆಸೆ ಬೇಡ. ಅದು ಗಿಡ್ಡ ಆದಷ್ಟೂ ಗುಂಡು ಮೇಲೆ ಬೀಳುತ್ತೆ ಅನ್ನೋದೇನೋ ನಿಜ, ಆದರೆ ಉಜ್ಜಿದ್ದು ವಾಪಸ್ ಬರಲ್ಲ.

ಸಿರುಗುಪ್ಪ_ಗದ್ದೆ

ತುಂಬಾ ಉಪಕಾರ ಆಯ್ತು. ಸ್ಪ್ರಿಂಗು, ಕ್ರೋಮು ಕೈಬಿಟ್ಟೆ. ಇನ್ನೊಂದು ವಿಷಯ: ರೇಂಜ್‌ನಲ್ಲಿ ಒಂದೆರಡು ಗುಂಡು ಹಾರಲಿಲ್ಲ. ನಾನು ಏನೂ ಬಿಚ್ಚಿಲ್ಲ. ಇದು ವಾರಂಟಿಗೆ ಬರುತ್ತಾ, ಗುಂಡಿನ ದೋಷ ಅಂತಾರಾ? ಚುನಾವಣೆ ಬಂದರೆ ಠಾಣೆಗೆ ಜಮಾ ಮಾಡಬೇಕಾಗಬಹುದು, ಅಲ್ಲಿ ತುಕ್ಕು ಹಿಡಿದರೆ ಯಾರು ಹೊಣೆ?

ಗಂಗಾವತಿ_ಲೇತ್

ಬಿಚ್ಚದೇ ಅರ್ಧ ಉತ್ತರ ನೀವೇ ಕಂಡುಕೊಳ್ಳಬಹುದು. ಸಿಲಿಂಡರಿನ ಒಂದು ಮನೆಗೆ ಹೊರಗಡೆಯಿಂದ ಮಾರ್ಕರ್ ಪೆನ್ನಿನ ಚುಕ್ಕೆ ಇಟ್ಟು, ಅಲ್ಲಿಂದ ಎಣಿಸಿ ಯಾವ ಮನೆಯಲ್ಲಿ ಹಾರಲಿಲ್ಲ ಅಂತ ಬರೆದಿಡಿ. ಪ್ರತಿ ಸಲ ಅದೇ ಮನೆ ಆದರೆ ಸಿಲಿಂಡರಿನ ದೋಷ, ಇದು ಕಾರ್ಖಾನೆ ತಲೆಗೆ. ಮನೆ ಬದಲಾಗ್ತಾ ಇದ್ದರೆ ಹಾರದ ಗುಂಡಿನ ಪ್ರೈಮರ್ ಮೇಲೆ ಪಿನ್ನು ಬಡಿದು ಆದ ಗುಂಡಿಯನ್ನು (ತಗ್ಗನ್ನು) ಹಾರಿದವುಗಳ ಪಕ್ಕ ಇಟ್ಟು ನೋಡಿ. ಗುಂಡಿ ಆಳ ಇದ್ದು ಹಾರಿಲ್ಲ ಅಂದ್ರೆ ಗುಂಡಿನ ದೋಷ. ಗುಂಡಿ ತೇಲಿದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ಹೊಡೆತದ ದೋಷ, ಅದೂ ವಾರಂಟಿಗೆ. ಹಾರದ ಗುಂಡನ್ನು ಇನ್ನೊಮ್ಮೆ ಹೊಡೆದು ನೋಡೋ ಚಪಲ ಬೇಡ, ಎರಡನೇ ಹೊಡೆತ ಬಿದ್ದರೆ ಮೊದಲ ಗುಂಡಿಯ ಆಳ ಅಳಿಸಿಹೋಗುತ್ತೆ, ನಿಮ್ಮ ಸಾಕ್ಷಿ ಅಲ್ಲಿಗೆ ಮುಗೀತು. ಗುಂಡಿನ ಡಬ್ಬಿಯನ್ನೂ ಎಸೀಬೇಡಿ, ಲಾಟ್ ನಂಬರ್ ಅದರ ಮೇಲಿರುತ್ತೆ. ಕೇಸಿನ ಹಿಂದೆ ಕೆ.ಎಫ್. ಮುದ್ರೆ ಇದ್ದರೆ ಖಡಕಿ ಕಾರ್ಖಾನೆ ಮಾಲು. ಹಾರದ ಗುಂಡೂ ಲೈಸೆನ್ಸಿನ ಲೆಕ್ಕದಲ್ಲೇ ಇರುತ್ತೆ, ತುಂಗಭದ್ರೆಗೆ ಎಸೆದು ಬರೋ ವಸ್ತು ಅಲ್ಲ, ಡೀಲರಿಗೆ ಕೊಟ್ಟು ರಸೀದಿ ತಗೊಳ್ಳಿ.

ಸದ್ದು ಸಣ್ಣಗೆ ಪುಸ್ ಅಂತ ಬಂದು ಗುರಿಯಲ್ಲಿ ತೂತು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರುತ್ತೆ. ಮುಂದಿನದು ಹೊಡೆದರೆ ನಳಿಗೆ ಒಳಗೆ ಉಂಗುರದ ಹಾಗೆ ಉಬ್ಬುತ್ತೆ, ಬೆಳಕಿಗೆ ಹಿಡಿದರೆ ಕಪ್ಪು ಬಳೆ ಕಾಣುತ್ತೆ. ಆ ಬಳೆ ಕಂಡರೆ ಯಾವ ಕಾರ್ಖಾನೆಯೂ ವಾರಂಟಿ ಕೊಡಲ್ಲ, ನಳಿಗೆಯಲ್ಲಿ ಅಡ್ಡ ಇದ್ದಾಗ ಹೊಡೆದದ್ದು ಅಂತ ಬರೆದು ಕಳಿಸ್ತಾರೆ.

ರಾಯಚೂರು_ಕೋರ್ಟ್‌ರೋಡ್

ಠಾಣಿ ಜಮಾ ಬಗ್ಗೆ: ಲೈಸೆನ್ಸ್ ಇರೋ ಡೀಲರಿನ ಹತ್ರ ಜಮಾ ಇಡಕ್ಕ ಆದ್ರ ಅಲ್ಲೇ ಇಡ್ರಿ, ಅವರಿಗೆ ಒರೆಸಿ ಇಡೋ ರೂಢಿ ಇರ್ತದ. ಎಲ್ಲೇ ಇಟ್ರೂ ಚರ್ಮದ ಹೋಲ್ಸ್ಟರಿನಾಗ ಇಟ್ಟು ಕೊಡಬ್ಯಾಡ್ರಿ. ಚರ್ಮ ತೇವ ಹಿಡೀತದ, ಹದ ಮಾಡಿದ ಉಪ್ಪು ಅದರಾಗ ಇರ್ತದ, ಮಳಿಗಾಲದಾಗ ಎರಡು ತಿಂಗಳಿಗೆ ತುಕ್ಕು ಚುಕ್ಕಿ ಬೀಳ್ತಾವ. ಎಣ್ಣಿ ಬಟ್ಟೆ ಸುತ್ತಿ, ರಟ್ಟಿನ ಡಬ್ಬಿಯಾಗ ಹಾಕಿ ಕೊಡ್ರಿ. ಕೊಡೋ ಮೊದಲು ನಂಬರ್ ಕಾಣಂಗ ನಾಲ್ಕೂ ಕಡೆ ಫೋಟೋ ತೆಗೀರಿ, ರಸೀದಿಯಾಗ ನಂಬರ್, ಗುಂಡಿನ ಎಣಿಕಿ, ಸ್ಥಿತಿ ಚಲೋ ಅದ ಅನ್ನೋ ಮಾತು ಬರಸ್ರಿ. ಆ ಒಂದು ಸಾಲು ಇಲ್ಲಂದ್ರ ಆಮ್ಯಾಲ ಯಾರ ಹೊಣಿನೂ ಅಲ್ಲ.

ವಾರಂಟಿಗೆ ಒಯ್ಯುವಾಗ ನೀವೇ ಒಯ್ಯಬೇಕು, ಅಸಲಿ ಲೈಸೆನ್ಸ್ ಪುಸ್ತಕ ಕೈಯಾಗಿರಬೇಕು, ಆಯುಧ ಖಾಲಿ ಇರಬೇಕು, ಗುಂಡು ಬ್ಯಾರೆ ಡಬ್ಬಿಯಾಗ. ಕೊರಿಯರಿಗೆ ಹಾಕೋ ಸಾಮಾನಲ್ಲ. ಡೀಲರು ಕಾರ್ಖಾನಿಗೆ ಕಳಿಸ್ತೀನಿ ಅಂದ್ರ ಯಾವ ದೋಷಕ್ಕ, ಯಾವ ತಾರೀಕಿಗೆ ತಗೊಂಡ್ರು ಅಂತ ಬರದ ರಸೀದಿ ಇಸ್ಕೊಳ್ರಿ. ಮನಿಯಾಗ ಆಯುಧ ಇಲ್ಲದ ದಿನ ಠಾಣಿಯವರು ತಪಾಸಣೆಗೆ ಬಂದ್ರ ತೋರಸಕ್ಕ ಅದೊಂದೇ ಕಾಗದ. ಲೈಸೆನ್ಸ್ ಅವಧಿ ಈಗ ಐದು ವರ್ಷ ಅದ, ರಿಪೇರಿಗೆ ಹೋದ ನಡುವೆ ಮುಗಿಯಂಗಿದ್ರ ಮೊದಲು ನವೀಕರಣಕ್ಕ ಅರ್ಜಿ ಹಾಕಿ ಆಮ್ಯಾಲ ಒಯ್ರಿ. ಹೊಸಪೇಟಿ, ಹರಪನಹಳ್ಳಿ ಕಡೆಯವರು ಯಾರರ ಇದನ್ನ ಓದ್ತಿದ್ರ, 2021ರಾಗ ವಿಜಯನಗರ ಜಿಲ್ಲಾ ಆದ ಮ್ಯಾಲ ನಿಮ್ಮ ಅರ್ಜಿ ಹೋಗಬೇಕಾದ್ದು ಹೊಸಪೇಟಿ ಡಿ.ಸಿ. ಆಫೀಸಿಗೆ, ಬಳ್ಳಾರಿಗೆ ಅಲ್ಲ.